ಕಾಡಿನ ಬೆಂಕಿಗೆ ಕಂಪ್ಯೂಟರ್ ನಕ್ಷೆ

(ಸಂಘದ ಬೆಳ್ಳಿಹಬ್ಬದ ರೈತ ಗೋಷ್ಠಿಯಲ್ಲಿ ಮಾಡಿದ ಭಾಷಣ)



ಬೆಳ್ಳಿಹಬ್ಬದ ದಿನ ಬೆಂಕಿಯ ಮಾತು ಯಾಕೆ ಅಂತ ಕೆಲವರಿಗೆ ಅನ್ನಿಸಬಹುದು. ಸಾಲ, ಗೊಬ್ಬರ, ಬೀಜದ ವಿಷಯ ಉಳಿದವರು ಮಾತಾಡಿದ್ದಾರೆ. ಆದರೆ ದನಕ್ಕೆ ಮೇವು, ತೋಟಕ್ಕೆ ದರಗು, ಹಳ್ಳಕ್ಕೆ ನೀರು ನಮಗೆ ಬರುವುದು ಕಾಡಿನಿಂದ. ಕಾಡು ಸುಟ್ಟರೆ ಸಂಘದ ಲೆಕ್ಕದ ಪುಸ್ತಕಕ್ಕೂ ಬಿಸಿ ತಟ್ಟದೆ ಇರುವುದಿಲ್ಲ.

2017ರ ಫೆಬ್ರವರಿಯಲ್ಲಿ ಬಂಡೀಪುರದ ಬೆಂಕಿ ಆರಿಸಲು ಹೋದ ಒಬ್ಬ ಅರಣ್ಯ ರಕ್ಷಕರು ಪ್ರಾಣ ಕಳಕೊಂಡರು. 2019ರ ಫೆಬ್ರವರಿಯಲ್ಲಿ ಅದೇ ಬಂಡೀಪುರ ಮತ್ತೆ ಹೊತ್ತಿ ಉರಿಯಿತು. ಕೊನೆಗೆ ವಾಯುಪಡೆಯ ಹೆಲಿಕಾಪ್ಟರ್ ಬಂದು ನೀರು ಸುರಿಯಬೇಕಾಯಿತು. ಸುಟ್ಟ ಜಾಗ 4,000 ಹೆಕ್ಟೇರಿಗೂ ಹೆಚ್ಚು, ಅಂದರೆ ನಮ್ಮ ಲೆಕ್ಕದಲ್ಲಿ 10,000 ಎಕರೆಗೆ ಮೇಲೆ ಎಂದು ಅಳೆದು ಹೇಳಿದ್ದು ಉಪಗ್ರಹದ ಚಿತ್ರಗಳು. ಸುಟ್ಟ ಮೇಲೆ ಅಳೆಯುವುದು ಸರಿ, ಸುಡುವ ಮೊದಲೇ ಹೇಳಲು ಬರುತ್ತದೆಯೇ? ಬರುತ್ತದೆ. ಅದನ್ನೇ ಈಗ ಹೇಳುತ್ತೇವೆ.

ನಕ್ಷೆ ಮಾಡುವ ಸಾಫ್ಟ್‌ವೇರ್ ಅಂದರೆ ಒಂದರ ಮೇಲೊಂದು ಗಾಜಿನ ಹಾಳೆ ಇಟ್ಟ ಹಾಗೆ. ಒಂದು ಹಾಳೆಯಲ್ಲಿ ಎಂಥ ಕಾಡು ಎಂಬುದು, ಇನ್ನೊಂದರಲ್ಲಿ ಗುಡ್ಡದ ಇಳಿಜಾರು, ಮತ್ತೊಂದರಲ್ಲಿ ರಸ್ತೆ, ಊರು, ಕಾಲುದಾರಿ, ಕೊನೆಯದರಲ್ಲಿ ಹಿಂದೆ ಬೆಂಕಿ ಬಿದ್ದ ಜಾಗ. ಒಣ ಎಲೆ ಉದುರುವ ಕಾಡಿಗೆ ಹೆಚ್ಚು ಅಂಕ, ಹಸಿರು ಶೋಲಾಕ್ಕೆ ಕಡಿಮೆ. ಕಡಿದಾದ ಇಳಿಜಾರಿಗೂ ಹೆಚ್ಚು, ಯಾಕಂದ್ರೆ ಬೆಂಕಿ ಏರಿನಲ್ಲಿ ಓಡುತ್ತೆ. ಇಳಿಜಾರು ಹತ್ತು ಡಿಗ್ರಿ ಹೆಚ್ಚಿದರೆ ವೇಗ ಸುಮಾರು ಎರಡು ಪಟ್ಟಾಗುತ್ತದೆ ಎಂಬ ಲೆಕ್ಕವಿದೆ. ಎಲ್ಲ ಅಂಕ ಕೂಡಿದಾಗ ಅಪಾಯದ ಜಾಗ ಕೆಂಪಾಗಿ ಕಾಣುತ್ತದೆ. ಅದಕ್ಕೆ ದಿನದ ಬಿಸಿಲು, ಗಾಳಿ, ತೇವ, ಮಳೆ ಸೇರಿಸಿದರೆ ಈ ವಾರ ಎಲ್ಲಿ ಹುಷಾರಾಗಿರಬೇಕು ಎಂಬುದು ತಿಳಿಯುತ್ತದೆ. ಬೆಂಕಿ ರೇಖೆ ಎಲ್ಲಿ ಸವರಬೇಕು, ವಾಚರ್ ಎಲ್ಲಿ ನಿಲ್ಲಬೇಕು ಎಂಬುದನ್ನು ಇದರಿಂದ ಮೊದಲೇ ತೀರ್ಮಾನಿಸಬಹುದು.

ಬೆಂಕಿ ಬಿದ್ದ ಮೇಲಿನ ಕೆಲಸ ಬೇರೆ. 2011, 2017 ಮತ್ತು 2022ರಲ್ಲಿ ಹಾರಿಸಿದ ಅಮೆರಿಕದ ಮೂರು ಉಪಗ್ರಹಗಳಲ್ಲಿ ನೆಲದ ಕಾವು ಗುರುತಿಸುವ ಉಪಕರಣವಿದೆ. ಇಂಥ ಉಪಗ್ರಹಗಳ ಮಾಹಿತಿಯಿಂದ ಡೆಹರಾಡೂನಿನ ಭಾರತೀಯ ಅರಣ್ಯ ಸಮೀಕ್ಷಾ ಸಂಸ್ಥೆ ಅರಣ್ಯ ಇಲಾಖೆಯವರ ಮೊಬೈಲಿಗೆ ಎಚ್ಚರಿಕೆ ಕಳಿಸುತ್ತದೆ. ಹೆಸರು ನೋಂದಾಯಿಸಿದ ಸಾರ್ವಜನಿಕರಿಗೂ ಅದು ಬರುತ್ತದೆ.

ಆದರೆ ಬಂಧುಗಳೇ, ಈ ನಕ್ಷೆಯ ಮಿತಿಯನ್ನೂ ತಿಳಿಯಬೇಕು. ಅದರ ಒಂದು ಚುಕ್ಕೆ ಅಂದರೆ 375 ಮೀಟರ್ ಉದ್ದ, ಅಷ್ಟೇ ಅಗಲ; ಹೆಚ್ಚು ಕಡಿಮೆ 35 ಎಕರೆ. ಆ 35 ಎಕರೆಯಲ್ಲಿ ಬೆಂಕಿ ಯಾವ ಮೂಲೆಯಲ್ಲಿದೆ, ಅಲ್ಲಿಗೆ ಯಾವ ದಾರಿಯಲ್ಲಿ ಹೋಗಬೇಕು ಎಂಬುದು ಚುಕ್ಕೆಗೆ ಗೊತ್ತಿಲ್ಲ, ದನ ಕಾಯುವ ಹುಡುಗನಿಗೆ ಗೊತ್ತು. ಈ ಉಪಗ್ರಹಗಳು ನಮ್ಮ ಮೇಲೆ ಹಾಯುವುದು ಮಧ್ಯಾಹ್ನ ಒಂದೂವರೆ ಮತ್ತು ರಾತ್ರಿ ಒಂದೂವರೆಯ ಆಸುಪಾಸು. ಸಂಜೆ ನಾಲ್ಕಕ್ಕೆ ಹೊತ್ತಿದ ಬೆಂಕಿ ಅವಕ್ಕೆ ಕಾಣುವುದು ನಡುರಾತ್ರಿ. ಮೋಡವಿದ್ದರೆ ಅದೂ ಇಲ್ಲ. ಆ ಹೊತ್ತಿನಲ್ಲಿ ಕಾಡಿಗೆ ಕಣ್ಣು ನಾವೇ.

ಇನ್ನೊಂದು ಮಾತು, ಯಾರೂ ಬೇಜಾರು ಮಾಡ್ಕೋಬಾರದು. ಆಕಾಶದಿಂದ ಬೆಂಕಿ ಬೀಳುವುದು ಅಪರೂಪ, ನಮ್ಮಲ್ಲಿ ಬಹುತೇಕ ಬೆಂಕಿ ಮನುಷ್ಯರ ಕೈಯಿಂದಲೇ. ಹೊಸ ಹುಲ್ಲು ಚಿಗುರಲಿ ಅಂತ ಒಬ್ಬ, ಜೇನು ಬಿಡಿಸಲು ಒಬ್ಬ, ಬೀಡಿ ಎಸೆದವ ಒಬ್ಬ. ಆನೆ ಬೆಳೆ ತಿಂದ ಸಿಟ್ಟಿಗೆ ಕಡ್ಡಿ ಗೀರುವವರೂ ಇದ್ದಾರೆ. ಬೆಳೆ ಹೋದವನ ಸಂಕಟ ನಮಗೆ ಗೊತ್ತಿಲ್ಲ ಅಂತಲ್ಲ. ಆದರೆ ಕಾಡಿನಲ್ಲಿ ಮೇವು ಸುಟ್ಟು ಹೋದರೆ ಆ ಆನೆ ಮತ್ತೆ ಬರುವುದು ನಮ್ಮ ಗದ್ದೆಗೇ ತಾನೆ? ಇದನ್ನು ಯಾವ ಸಾಫ್ಟ್‌ವೇರೂ ತಡೆಯಲಾರದು.

ಆದ್ದರಿಂದ ಸಂಘದ ಮುಂದೆ ಮೂರು ಸಲಹೆ ಇಡುತ್ತೇವೆ. ಒಂದು, ಕ್ಯೂಜಿಐಎಸ್ ಎಂಬ ಸಾಫ್ಟ್‌ವೇರ್ ಪುಕ್ಕಟೆ ಸಿಗುತ್ತದೆ; ಕಾಲೇಜು ಓದುವ ನಮ್ಮ ಮಕ್ಕಳಿಂದ ಊರಿನ ನಕ್ಷೆ ಮಾಡಿಸಿ ಸಂಘದ ಗೋಡೆಗೆ ಹಾಕೋಣ. ಕೆರೆ, ಕೃಷಿಹೊಂಡ, ಕಾಲುದಾರಿ, ಟ್ಯಾಂಕರ್ ಇರುವ ಮನೆ, ಹಿಂದೆ ಸುಟ್ಟ ಜಾಗ ಎಲ್ಲ ಅದರಲ್ಲಿರಲಿ. ಒಂದು ಪ್ರತಿಯನ್ನು ಅರಣ್ಯ ಇಲಾಖೆಗೂ ಕೊಡೋಣ. ಎರಡು, ಕೇರಿಗೆ ಇಬ್ಬರಂತೆ ಎಚ್ಚರಿಕೆ ಸಂದೇಶಕ್ಕೆ ಹೆಸರು ನೋಂದಾಯಿಸಲಿ. ಹೊಗೆ ಕಂಡವರು ಸಂದೇಶಕ್ಕೆ ಕಾಯದೆ ಗಾರ್ಡಿಗೆ ಫೋನು ಮಾಡಲಿ. ಮೂರು, ಬೇಸಿಗೆಯಲ್ಲಿ ಕಾಡಂಚಿನ ಜಮೀನಿನ ಕಸ ಸುಡುವುದನ್ನು ಬಿಟ್ಟು ಗೊಬ್ಬರದ ಗುಂಡಿಗೆ ಹಾಕೋಣ.

ಒಬ್ಬನಿಂದ ಆಗದ್ದು ಹತ್ತು ಜನ ಕೂಡಿದರೆ ಆಗುತ್ತದೆ ಎಂದೇ ಇಪ್ಪತ್ತೈದು ವರ್ಷದ ಹಿಂದೆ ಹಿರಿಯರು ಈ ಸಂಘ ಕಟ್ಟಿದರು. ಕಾಡಿನ ವಿಷಯದಲ್ಲೂ ಅದೇ ಮಾತು. ಮುಂದಿನ ಶಿವರಾತ್ರಿಯೊಳಗೆ ಗೋಡೆಯ ಮೇಲೆ ನಕ್ಷೆ ಬರಲಿ ಎಂದು ಕೇಳಿಕೊಳ್ಳುತ್ತೇವೆ.