ನಾನು ಎಲ್ಲಿದ್ದೇನೆ?



ಮನೆಗೆಲಸ ಮುಗಿಸಿ, ಊದುಬತ್ತಿ ಹೊಸೆದು, ಮಕ್ಕಳಿಗೆ ಊಟಕ್ಕಿಟ್ಟು ಇಷ್ಟು ಜನ ಬಂದಿದ್ದೀರಿ. ತುಂಬಾ ಸಂತೋಷ. ಇವತ್ತು ಒಂದು ಸಣ್ಣ ಪ್ರಶ್ನೆ ಕೇಳುತ್ತೇನೆ. ನೀವು ಈಗ ಎಲ್ಲಿದ್ದೀರಿ?

"ಇಲ್ಲೇ ಇದ್ದೀವಲ್ಲ ಟೀಚರ್" ಅಂತ ನಗ್ತೀರಿ. ಸರಿ. ಆದರೆ ದೂರದಲ್ಲಿ ಇರುವವರಿಗೆ ಹೇಳಬೇಕಾದರೆ?

ಕಳೆದ ಮಳೆಗಾಲದ ಮಾತು. ನಮ್ಮ ಕಲಿಕಾ ಕೇಂದ್ರದ ಒಬ್ಬ ಅಕ್ಕನ ಅತ್ತೆ ರಾತ್ರಿ ಬಚ್ಚಲಲ್ಲಿ ಜಾರಿ ಬಿದ್ದರು. ಸೊಂಟದ ಮೂಳೆ ಮುರಿಯಿತು. ಅಕ್ಕ ಆಂಬುಲೆನ್ಸಿಗೆ ಫೋನು ಮಾಡಿದರು. "ಎಲ್ಲಿದ್ದೀರಮ್ಮ?" ಅಂತ ಕೇಳಿದರು. "ಮೂರನೇ ಕ್ರಾಸು, ಮಾರಮ್ಮನ ಗುಡಿ ಹತ್ರ" ಅಂದರು ಅಕ್ಕ. ನಮ್ಮ ಮೈಸೂರಿನಲ್ಲಿ ಬಡಾವಣೆಗೊಂದು ಮೂರನೇ ಕ್ರಾಸು ಇದೆ. ಮಾರಮ್ಮನ ಗುಡಿಗಳೂ ಹಲವು. ಗಾಡಿ ಬೇರೆ ಬಡಾವಣೆಗೆ ಹೋಯಿತು. ಮುಕ್ಕಾಲು ಗಂಟೆ ಆ ಮುದುಕಿ ನೆಲದ ಮೇಲೇ ನರಳಿದರು.

ತಪ್ಪು ಯಾರದು? ಯಾರದೂ ಅಲ್ಲ. ಅಕ್ಕನ ಕೈಯಲ್ಲಿದ್ದ ಫೋನಿಗೆ ಆ ಜಾಗ ಗೊತ್ತಿತ್ತು. ಅದನ್ನು ಕೇಳಿ ತಿಳಿಯುವುದು ಅಕ್ಕನಿಗೆ ಗೊತ್ತಿರಲಿಲ್ಲ. ಅದಕ್ಕೇ ಇವತ್ತು ಈ ವಿಷಯ.

ಫೋನಿಗೆ ಹೇಗೆ ಗೊತ್ತಾಗುತ್ತದೆ?

ಆಕಾಶದಲ್ಲಿ ಸುಮಾರು 20,000 ಕಿಲೋಮೀಟರ್ ಎತ್ತರದಲ್ಲಿ ಉಪಗ್ರಹಗಳು ಸುತ್ತುತ್ತಿವೆ. ಅಮೆರಿಕ ದೇಶ ಹಾರಿಸಿದ ಇಂಥ ಉಪಗ್ರಹಗಳ ವ್ಯವಸ್ಥೆಗೆ ಜಿ.ಪಿ.ಎಸ್. ಎಂದು ಹೆಸರು. ನಮ್ಮ ಇಸ್ರೋ ಸಂಸ್ಥೆಯೂ 2013ರಿಂದ 2016ರವರೆಗೆ ಇದೇ ಕೆಲಸಕ್ಕೆ ಏಳು ಉಪಗ್ರಹಗಳನ್ನು ಹಾರಿಸಿತು. ಅದಕ್ಕೆ 'ನಾವಿಕ್' ಎಂದು ಹೆಸರು.

ದಸರೆಯ ದಿನ ಕುಶಾಲತೋಪು ಹಾರಿಸುವುದನ್ನು ದೂರದಿಂದ ನೋಡಿದ್ದೀರಾ? ಬೆಂಕಿ, ಹೊಗೆ ಮೊದಲು ಕಾಣುತ್ತದೆ. 'ಢಂ' ಎಂಬ ಸದ್ದು ಆಮೇಲೆ ಬರುತ್ತದೆ. ನಾವು ದೂರ ಇದ್ದಷ್ಟೂ ಸದ್ದು ತಡ. ಎಷ್ಟು ತಡ ಅಂತ ಗೊತ್ತಾದರೆ ಎಷ್ಟು ದೂರ ಅಂತ ಲೆಕ್ಕ ಹಾಕಬಹುದು. ಫೋನೂ ಹಾಗೇ ಮಾಡುತ್ತದೆ. ಉಪಗ್ರಹ "ಈಗ ಇಷ್ಟು ಗಂಟೆ" ಎಂದು ಸಾರುತ್ತಲೇ ಇರುತ್ತದೆ. ಆ ಸುದ್ದಿ ಎಷ್ಟು ತಡವಾಗಿ ಬಂತು ಎಂದು ಫೋನು ನೋಡುತ್ತದೆ. ಒಂದು ಸೆಕೆಂಡಿನಲ್ಲಿ ಹತ್ತನೇ ಒಂದು ಪಾಲೂ ತಡವಿಲ್ಲ. ಆದರೂ ಅದಕ್ಕೆ ಲೆಕ್ಕ ಸಿಗುತ್ತದೆ.

ದೂರ ಗೊತ್ತಾದರೆ ಸಾಕೇ? "ನಾನು ಅರಮನೆಯಿಂದ ಎರಡು ಕಿಲೋಮೀಟರ್ ದೂರ ಇದ್ದೀನಿ" ಅಂದರೆ ಯಾವ ದಿಕ್ಕಿಗೆ? ಅರಮನೆ ಸುತ್ತ ರಂಗೋಲಿಯಲ್ಲಿ ಒಂದು ದೊಡ್ಡ ಬಳೆ ಬರೆಯಿರಿ. ಆ ಗೆರೆಯ ಮೇಲೆ ಎಲ್ಲಾದರೂ ಇರಬಹುದು. ರೈಲ್ವೆ ಸ್ಟೇಷನ್ನಿನಿಂದ ಇಷ್ಟು ದೂರ ಅಂತ ಇನ್ನೊಂದು ಬಳೆ. ಚಾಮುಂಡಿಬೆಟ್ಟದಿಂದ ಇಷ್ಟು ದೂರ ಅಂತ ಮತ್ತೊಂದು ಬಳೆ. ಮೂರೂ ಗೆರೆ ಸೇರುವ ಜಾಗ ಒಂದೇ. ಅಲ್ಲೇ ನೀವಿದ್ದೀರಿ! ಫೋನು ಹೀಗೆ ಉಪಗ್ರಹಗಳಿಂದ ದೂರ ಅಳೆಯುತ್ತದೆ. ತನ್ನ ಗಡಿಯಾರ ಸರಿಮಾಡಿಕೊಳ್ಳಲು ನಾಲ್ಕನೇ ಉಪಗ್ರಹವೂ ಬೇಕು.

ಕೇಳುವುದು ಬೇರೆ, ಹೇಳುವುದು ಬೇರೆ

ಇಲ್ಲಿ ಒಂದು ಮುಖ್ಯ ಮಾತು. 1935ರಲ್ಲಿ ನಮ್ಮ ಮೈಸೂರಿನಲ್ಲೇ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿ ರೇಡಿಯೋ ನಿಲಯ ಶುರು ಮಾಡಿದರು. ಅದರ ಹೆಸರು ಆಕಾಶವಾಣಿ. ನೀವು ಅಡಿಗೆ ಮಾಡುತ್ತಾ ರೇಡಿಯೋ ಹಾಕಿದರೆ ನಿಲಯದವರಿಗೆ ಗೊತ್ತಾಗುತ್ತದೆಯೇ? ಇಲ್ಲ. ರೇಡಿಯೋ ಬರೀ ಕೇಳುತ್ತದೆ. ಜಿ.ಪಿ.ಎಸ್. ಕೂಡ ಹಾಗೇ. ಉಪಗ್ರಹಕ್ಕೆ ನೀವು ಯಾರೋ, ಎಲ್ಲಿದ್ದೀರೋ ಗೊತ್ತಿಲ್ಲ.

ಹಾಗಾದರೆ ಬೇರೆಯವರಿಗೆ ಹೇಗೆ ಗೊತ್ತಾಗುತ್ತದೆ? ಫೋನು ಮೊಬೈಲ್ ನೆಟ್‌ವರ್ಕ್ ಮೂಲಕ ಹೇಳಿದರೆ ಗೊತ್ತಾಗುತ್ತದೆ.

2012ರಲ್ಲಿ ನಮ್ಮ ಮೈಸೂರಿನ ಸಿಟಿ ಬಸ್ಸುಗಳಿಗೆ ಕೆ.ಎಸ್.ಆರ್.ಟಿ.ಸಿ.ಯವರು 'ಮಿತ್ರ' ಎಂಬ ಯೋಜನೆ ತಂದರು. ಬಸ್ಸಿನಲ್ಲಿ ಜಿ.ಪಿ.ಎಸ್. ಪೆಟ್ಟಿಗೆ ಕೂರಿಸಿದರು. ಪೆಟ್ಟಿಗೆ ತನ್ನ ಜಾಗ ಕಂಡುಕೊಂಡು ಕಚೇರಿಗೆ ಕಳಿಸಿತು. ಬಸ್ಸು ಬರಲು ಎಷ್ಟು ನಿಮಿಷ ಎಂದು ನಿಲ್ದಾಣದ ಬೋರ್ಡಿನಲ್ಲಿ ಮೂಡಿತು. ಬಸ್ಸು ತನ್ನ ಜಾಗ ಹೇಳಿದ್ದರಿಂದ ಕಾಯುವವರಿಗೆ ಅನುಕೂಲ ಆಯಿತು.

ಬಸ್ಸು ಎಲ್ಲರಿಗೂ ಹೇಳಲಿ. ನಾವು? ಯಾರಿಗೆ ಹೇಳಬೇಕೋ ಅವರಿಗೆ ಮಾತ್ರ.

ನಮ್ಮ ಒಬ್ಬ ತಂಗಿ ಎರಡು ವಾರ ತರಗತಿಗೆ ಬರಲಿಲ್ಲ. ಯಾಕಮ್ಮ ಅಂದರೆ ಅತ್ತುಬಿಟ್ಟಳು. "ಮಧ್ಯಾಹ್ನ ಮಾರ್ಕೆಟ್ಟಲ್ಲಿ ಯಾಕಿದ್ದೆ? ಅಲ್ಲಿ ಯಾರ ಜೊತೆ ನಿಂತಿದ್ದೆ?" ಅಂತ ಗಂಡ ದಿನಾ ಕೇಳುತ್ತಿದ್ದನಂತೆ. ಯಾರೋ ಚಾಡಿ ಹೇಳುತ್ತಾರೆ ಅಂತ ಅವಳು ಅಕ್ಕಪಕ್ಕದವರ ಜೊತೆ ಮಾತು ಬಿಟ್ಟಿದ್ದಳು. ಫೋನು ತೆಗೆದು ನೋಡಿದೆವು. ಅವಳೇ ಅಕ್ಷರ ಕೂಡಿಸಿ ಓದಿದಳು. "ಲೈ... ವ್... ಲೊ... ಕೇ... ಶನ್." ವಾಟ್ಸ್‌ಆ್ಯಪ್‌ನಲ್ಲಿ ಇದನ್ನು 15 ನಿಮಿಷ, 1 ಗಂಟೆ ಅಥವಾ 8 ಗಂಟೆಗೆ ಹಾಕಬಹುದು. ಅವನು ದಿನಾ ಬೆಳಿಗ್ಗೆ 8 ಗಂಟೆಗೆ ಹಾಕಿ ಹೋಗುತ್ತಿದ್ದ. ಚಾಡಿ ಹೇಳಿದ್ದು ನೆರೆಯವರಲ್ಲ, ಫೋನು!

ಅವಳು ಗಂಡನಿಗೆ ಅಂದಳಂತೆ, "ಎಲ್ಲಿಗೆ ಹೋಗ್ತೀನಿ ಅಂತ ಕೇಳಿ, ಹೇಳ್ತೀನಿ. ಕದ್ದು ನೋಡಬೇಡಿ." ಈಗ ಮತ್ತೆ ತರಗತಿಗೆ ಬರುತ್ತಿದ್ದಾಳೆ. ಮುಂದಿನ ಸಾಲಲ್ಲೇ ಕೂತಿದ್ದಾಳೆ. ಹೆಸರು ಹೇಳಲ್ಲ.

ಎಲ್ಲರ ಮನೆಯೂ ಒಂದೇ ಥರ ಇರುವುದಿಲ್ಲ. ಹೊಡೆತ, ಬೆದರಿಕೆ ಇದ್ದರೆ ಒಬ್ಬರೇ ಜಗಳಕ್ಕೆ ಇಳಿಯಬೇಡಿ. ಮಹಿಳಾ ಸಹಾಯವಾಣಿ 181ಕ್ಕೆ ಫೋನು ಮಾಡಿ. ತುರ್ತಿಗೆ 112. ಆಂಬುಲೆನ್ಸಿಗೆ 108.

ನಾವು ಏನು ಮಾಡಬೇಕು?

ಫೋನಿನಲ್ಲಿ ಮ್ಯಾಪ್ ತೆರೆಯಿರಿ. ನೀಲಿ ಚುಕ್ಕೆ ಕಾಣುತ್ತದೆ. ಅದೇ ನೀವು. ಸುತ್ತ ಇರುವ ರಸ್ತೆ, ಬಡಾವಣೆಯ ಹೆಸರು ಓದಿ. ಆಂಬುಲೆನ್ಸಿನ ಚಾಲಕರು ಫೋನು ಮಾಡಿದಾಗ ಅದನ್ನು ಓದಿ ಹೇಳಿ. ಅವರ ನಂಬರಿಗೆ ವಾಟ್ಸ್‌ಆ್ಯಪ್ ಇದ್ದರೆ ಲೊಕೇಶನ್ ಕಳಿಸಿ.

ಚುಕ್ಕೆಯನ್ನೇ ಪೂರ್ತಿ ನಂಬಬೇಡಿ. ತಾರಸಿ ಮನೆಯೊಳಗೆ, ಇಕ್ಕಟ್ಟು ಗಲ್ಲಿಯಲ್ಲಿ ಅದು ಪಕ್ಕದ ಬೀದಿಗೂ ಹೋಗುತ್ತದೆ. ಬಯಲಿಗೆ ಬಂದು ನೋಡಿದರೆ ಸರಿಯಾಗುತ್ತದೆ.

ಹೊಸ ಆ್ಯಪ್ ಹಾಕಿದಾಗ "ನಿಮ್ಮ ಸ್ಥಳ ತಿಳಿಯಲೇ?" ಎಂದು ಕೇಳುತ್ತದೆ. ಕೂಡಲೇ ಒತ್ತಬೇಡಿ. ಓದಿ. ಆಟೋ ಕರೆಯುವ ಆ್ಯಪ್‌ಗೆ ನಿಮ್ಮ ಜಾಗ ಬೇಕು. ಹಾಡು ಕೇಳುವ ಆ್ಯಪ್‌ಗೆ ಯಾಕೆ ಬೇಕು? ಬೇಡ ಅನ್ನಿಸಿದರೆ ಬೇಡ ಅನ್ನಿ.

ಹಿಂದೆ ನಮಗೆ ಅಕ್ಷರ ಬರುತ್ತಿರಲಿಲ್ಲ. ಬಸ್ಸಿನ ಬೋರ್ಡು ಯಾರೋ ಓದಿ ಹೇಳಬೇಕಿತ್ತು. ಈಗ ನಾವೇ ಓದುತ್ತೇವೆ. ಫೋನಿನ ಬೋರ್ಡನ್ನೂ ನಾವೇ ಓದೋಣ.

ಈಗ ಸ್ಲೇಟು ತೆಗೆಯಿರಿ. ಮನೆ ನಂಬರು, ಕ್ರಾಸು, ಬಡಾವಣೆ, ಹತ್ತಿರದ ಗುರುತು, ಈ ನಾಲ್ಕನ್ನೂ ಬರೆಯಿರಿ. ಬರೆದದ್ದನ್ನು ಪಕ್ಕದವರಿಗೆ ಓದಿ ಹೇಳಿ. ಮನೆಗೆ ಹೋಗಿ ಅತ್ತೆಗೂ ಮಕ್ಕಳಿಗೂ ಬಾಯಿಪಾಠ ಮಾಡಿಸಿ.

ನಾನು ಎಲ್ಲಿದ್ದೇನೆ ಎಂದು ನನಗೆ ಗೊತ್ತಿರಬೇಕು. ಯಾರಿಗೆ ಹೇಳಬೇಕು ಎಂಬುದು ನನ್ನ ಇಷ್ಟ.