ಕಾಲಿನ ಹೆಪ್ಪು ಕರಗಿದ ಮೇಲೆ



ಸುಗ್ಗಿಯ ದಿನಗಳಲ್ಲಿ ಹಲಗೇರಿ, ಬ್ಯಾಡಗಿಗಳ ಕಡೆ ಹೆಣ್ಣುಮಕ್ಕಳು ಮೆಣಸಿನಕಾಯಿ ರಾಶಿಯ ಮುಂದೆ ಗಂಟೆಗಟ್ಟಲೆ ಕುಳಿತು ತೊಟ್ಟು ಬಿಡಿಸುತ್ತಾರೆ. ಸಂಜೆಗೆ ಎರಡೂ ಪಾದ ಕೊಂಚ ಬಾತರೆ ರಾತ್ರಿ ಮಲಗಿದಾಗ ಇಳಿಯುವುದುಂಟು. ಆದರೆ ಒಂದೇ ಕಾಲು ಏಕಾಏಕಿ ಬಾತು, ಮೀನಖಂಡ ನೋಯತೊಡಗಿದರೆ? ಆಳದ ಅಭಿಧಮನಿಯಲ್ಲಿ ರಕ್ತ ಹೆಪ್ಪುಗಟ್ಟಿರಬಹುದು. ಹೆರಿಗೆ, ದೊಡ್ಡ ಶಸ್ತ್ರಚಿಕಿತ್ಸೆ, ಮೂಳೆ ಮುರಿದು ಬಹುದಿನ ಮಲಗಿರುವುದು ಇದಕ್ಕೆ ಕಾರಣವಾಗಬಲ್ಲವು. ಹೆಪ್ಪಿನ ತುಣುಕು ಶ್ವಾಸಕೋಶ ಸೇರಿದರೆ ಪ್ರಾಣಕ್ಕೇ ಅಪಾಯ. ಆದ್ದರಿಂದ ಅಂಥ ಕಾಲನ್ನು ಎಣ್ಣೆ ಹಚ್ಚಿ ತಿಕ್ಕಬಾರದು. ಅಂದೇ ವೈದ್ಯರಿಗೆ ತೋರಿಸಬೇಕು.

ಚಿಕಿತ್ಸೆಯಿಂದ ಹೆಪ್ಪು ಕರಗಿದರೂ ಕಥೆ ಮುಗಿಯಿತೆನ್ನಲಾಗದು. ನಿಮ್ಮ ಹೊಲದ ಬಾವಿಯ ಪಂಪಿಗೆ ಫುಟ್‌ವಾಲ್ವ್ ಇರುತ್ತದಲ್ಲವೇ? ಅದು ಕೆಟ್ಟರೆ ಮೇಲೇರಿದ ನೀರು ಮರಳಿ ಬಾವಿಗೆ ಇಳಿಯುತ್ತದೆ. ಕಾಲಿನ ಅಭಿಧಮನಿಗಳಲ್ಲೂ ಇಂಥ ಪುಟ್ಟ ಕವಾಟಗಳಿವೆ. ಹೆಪ್ಪು ಅವುಗಳನ್ನು ಕೆಡಿಸಿದರೆ ರಕ್ತ ಕೆಳಗೇ ನಿಲ್ಲುತ್ತದೆ. ತಿಂಗಳುಗಳು, ವರ್ಷಗಳು ಕಳೆದಂತೆ ಬಾವು, ಭಾರ, ಚರ್ಮ ಕಪ್ಪಾಗುವುದು, ಕೊನೆಗೆ ಮಾಯದ ಹುಣ್ಣು ಕಾಣಿಸಬಹುದು. ಹೆಪ್ಪುಗಟ್ಟಿದವರಲ್ಲಿ ಶೇಕಡಾ 20ರಿಂದ 50ರಷ್ಟು ಮಂದಿಗೆ ಈ ತೊಂದರೆ ಬರುತ್ತದೆಂದು ಅಂದಾಜು.

ಒಳಗಿನ ಸ್ಥಿತಿಯನ್ನು ಸೂಜಿಯಿಲ್ಲದೆ, ಕ್ಷಕಿರಣವಿಲ್ಲದೆ ತೋರಿಸುವುದೇ ಶ್ರವಣಾತೀತ ಧ್ವನಿ. ನಮ್ಮ ಕಿವಿಗೆ ಸೆಕೆಂಡಿಗೆ ಸುಮಾರು 20,000 ಕಂಪನಗಳವರೆಗೆ ಮಾತ್ರ ಕೇಳಿಸುತ್ತದೆ. ಇಲ್ಲಿ ಬಳಸುವುದು ಲಕ್ಷಗಟ್ಟಲೆ ಕಂಪನಗಳ ಧ್ವನಿ. ವೈದ್ಯರು ಯಂತ್ರದ ಹಿಡಿಕೆಯನ್ನು ಕಾಲಿಗೆ ಒತ್ತಿದಾಗ ಆರೋಗ್ಯವಾದ ಅಭಿಧಮನಿ ಚಪ್ಪಟೆಯಾಗುತ್ತದೆ, ಹೆಪ್ಪಿದ್ದರೆ ಆಗುವುದಿಲ್ಲ. ಹಳೆಯ ಹೆಪ್ಪು ಬಿಟ್ಟುಹೋದ ದಪ್ಪ ಗೋಡೆಯೂ ಕಾಣುತ್ತದೆ. ಬಳಿಕ ಮೀನಖಂಡವನ್ನು ಹಿಸುಕಿ ಬಿಡುತ್ತಾರೆ. ಆಸ್ಟ್ರಿಯಾದ ಡಾಪ್ಲರ್ 1842ರಲ್ಲಿ ವಿವರಿಸಿದ ತತ್ವದಿಂದ ರಕ್ತ ಯಾವ ದಿಕ್ಕಿಗೆ ಹರಿಯಿತೆಂದು ತಿಳಿಯುತ್ತದೆ. ತೊಡೆಯ, ಮೊಣಕಾಲ ಹಿಂಭಾಗದ ಆಳದ ಅಭಿಧಮನಿಗಳಲ್ಲಿ 1 ಸೆಕೆಂಡಿಗೂ ಹೆಚ್ಚು ಹೊತ್ತು ರಕ್ತ ಹಿಂದಕ್ಕೆ ಹರಿದರೆ ಕವಾಟ ಕೆಟ್ಟಿದೆಯೆಂದೇ ಅರ್ಥ. ಆದರೆ ಚಿತ್ರವೊಂದೇ ಸಾಲದು. ರೋಗಿಯ ನೋವನ್ನು ಕೇಳಿ, ಚರ್ಮವನ್ನು ನೋಡಿಯೇ ವೈದ್ಯರು ನಿರ್ಣಯಿಸುತ್ತಾರೆ.

ಮನೆಯಲ್ಲಿ ಯಾರಿಗಾದರೂ ಈ ತೊಂದರೆ ಆಗಿದ್ದರೆ ಒಂದು ಕೆಲಸ ನಿಮ್ಮದು. ಚಿಕಿತ್ಸೆ ಮುಗಿದಾಗ ತೆಗೆದ ಸ್ಕ್ಯಾನಿಂಗ್ ವರದಿಯನ್ನು ಜೋಪಾನವಾಗಿಡಿ. ವರ್ಷಗಳ ನಂತರ ಅದೇ ಕಾಲು ಮತ್ತೆ ಬಾತಾಗ, ಇದು ಹೊಸ ಹೆಪ್ಪೋ ಹಳೆಯ ಗಾಯವೋ ಎಂದು ಹೋಲಿಸಿ ಹೇಳಲು ಆ ಕಾಗದವೇ ಆಧಾರ. ಅದಿಲ್ಲದೆ ತಪ್ಪಿದರೆ, ಬೇಡದ ಔಷಧಿಯಿಂದ ರಕ್ತಸ್ರಾವವಾಗಬಹುದು. ಇಲ್ಲವೇ ಬೇಕಾದ ಔಷಧಿ ಸಿಗದೆ ಹೋಗಬಹುದು. ಅಕ್ಷರ ಬಲ್ಲ ನೀವು ಇಷ್ಟನ್ನು ಮಾಡಿದರೆ ತಾಯಿಯ ಕಾಲಷ್ಟೇ ಅಲ್ಲ, ಜೀವವೂ ಉಳಿದೀತು.