ಬಸುರಿಗೆ ಬಾಗಿಲು ಮುಚ್ಚಕೂಡದು



ಅಮೆರಿಕದಲ್ಲಿ ದಾದಿಯೊಬ್ಬಳು ಉನ್ನತ ವ್ಯಾಸಂಗಕ್ಕೆ ಸೀಟು ಬೇಡಿ ಸಂದರ್ಶನಕ್ಕೆ ಹೋಗುತ್ತಾಳೆ. ಅವಳು ಬಸುರಿ. ಅಲ್ಲಿನ 1972ರ ಕಾನೂನು, ಕೇಂದ್ರ ಸರ್ಕಾರದ ಹಣ ಪಡೆಯುವ ವಿದ್ಯಾಸಂಸ್ಥೆಗಳಲ್ಲಿ ಹೆಣ್ಣುಗಂಡೆಂಬ ಭೇದವನ್ನು ನಿಷೇಧಿಸಿತು. 1975ರ ನಿಯಮಗಳು ಬಸಿರನ್ನೂ ಅದರಲ್ಲಿ ಸೇರಿಸಿದವು. ಹೊಟ್ಟೆ ನೋಡಿ ಸೀಟು ತಪ್ಪಿಸುವಂತಿಲ್ಲ.

ನಮ್ಮಲ್ಲಿ? ಮೂರು ತಿಂಗಳು ಮೀರಿದ ಬಸುರಿಯರು ನೇಮಕಕ್ಕೆ ‘ತಾತ್ಕಾಲಿಕವಾಗಿ ಅನರ್ಹರು’ ಎಂದು 2021ರ ಕೊನೆಯಲ್ಲಿ ಸ್ಟೇಟ್ ಬ್ಯಾಂಕು ಸುತ್ತೋಲೆ ಹೊರಡಿಸಿತು. ಮಹಿಳೆಯರೂ ನೌಕರರ ಸಂಘಗಳೂ ಪ್ರತಿಭಟಿಸಿದ ಮೇಲೆ, 2022ರ ಜನವರಿಯಲ್ಲೇ ಅದನ್ನು ತಡೆಹಿಡಿಯಬೇಕಾಯಿತು.

ಕಾನೂನು ಪುಸ್ತಕದಲ್ಲಿದ್ದರೆ ಸಾಲದು, ಕೇಳುವವರೂ ಬೇಕು. ಹೆರಿಗೆ ಮಾಡಿಸಲು ಕಲಿಯಬಂದವಳನ್ನು, ನೀನೇ ಹೆರುವವಳೆಂದು ಹೊರಗಟ್ಟುವುದು ಯಾವ ನ್ಯಾಯ? ನಮ್ಮ ಹೆಣ್ಣುಮಕ್ಕಳ ಅಂಕ ಕೇಳಲಿ, ಅನುಭವ ಕೇಳಲಿ. ಎಷ್ಟು ತಿಂಗಳೆಂದು ಕೇಳಿ ಸೀಟು ತಪ್ಪಿಸಿದರೆ, ಸುಮ್ಮನೆ ಮನೆಗೆ ಹೋಗಬೇಡಿ. ಸಂಘಕ್ಕೆ ಬನ್ನಿ, ನಾವು ನಿಮ್ಮೊಡನೆ ಬರುತ್ತೇವೆ.